ದೂಮ ಮಸ್ಕತ್ತಿಗೆ ಹೋಗಿ ಬಂದದ್ದು

ಕೂತ್ಕೊಳ್ಳಿ, ಫ್ಯಾನಿನ ಕೆಳಗೆ ಇನ್ನೂ ಜಾಗ ಉಂಟು. ಕಾಫಿ ಬರ್ತದೆ. ಅಷ್ಟರಲ್ಲಿ ನಮ್ಮ ದೂಮನ ಕತೆ ಹೇಳಿ ಮುಗಿಸುತ್ತೇನೆ. ಮುಗಿಯದಿದ್ದರೆ ಇನ್ನೊಂದು ಕಾಫಿ ಮಾಡಿಸಿದರಾಯಿತು, ನನಗಂತೂ ಹೋಗಬೇಕಾದ ಆಫೀಸಿಲ್ಲ.

ಕುಂದಾಪುರದ ಆಚೆ, ಹೊಳೆ ಸಮುದ್ರ ಸೇರುವಲ್ಲಿ, ಒಂದು ಹಳೇ ಹೆಂಚಿನ ಕಾರ್ಖಾನೆ. ಅದರ ಹಿಂದೆ ಮುತ್ತಕ್ಕನ ಮನೆ. ಮುತ್ತಕ್ಕನಿಗೆ ಒಬ್ಬ ಮಗ, ಒಂದು ಹುಂಜ, ಆರೇಳು ಹೇಂಟೆ. ಮಗನಿಗೆ ಅಜ್ಜನ ಹೆಸರು, ದೂಮ. ಒಳ್ಳೆಯ ಹುಡುಗ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಕೂಡಿಸುವುದಿಲ್ಲ, ಕಳೆಯುವುದಿಲ್ಲ. "ಹಾಲು ಉಕ್ಕೀತು, ನೋಡ್ತಾ ಇರು" ಅಂತ ಅಮ್ಮ ಹೇಳಿ ಹೋದರೆ, ಉಕ್ಕಿ ಚೆಲ್ಲಿ ಒಲೆ ಆರುವವರೆಗೂ ನೋಡ್ತಾ ಇರುವವನು.

ಆದರೆ ಅವನನ್ನು ದೋಸೆಕಲ್ಲಿನ ಮುಂದೆ ನಿಲ್ಲಿಸಿ. "ಒಂದು ಸೌಟು ಹೊಯ್ಯಿ, ಅಂಚು ಎದ್ದರೆ ಮಗುಚು" ಅಂತ ಯಾವತ್ತೋ ಅಮ್ಮ ಹೇಳಿಕೊಟ್ಟದ್ದು. ಅಷ್ಟೇ. ಅವತ್ತಿನಿಂದ ಇವತ್ತಿನವರೆಗೆ ನಾನು ಕಂಡ ಹಾಗೆ ಒಂದು ದೋಸೆ ಸೀದದ್ದಿಲ್ಲ, ಒಂದು ದೋಸೆ ಹಸಿ ಉಳಿದದ್ದಿಲ್ಲ. ನಾನು ತಿಂದು ಹೇಳುವ ಮಾತು.

ಮುತ್ತಕ್ಕನಿಗೆ ಇದ್ದದ್ದು ಒಂದೇ ಚಿಂತೆ. ತಲೆ ಮೇಲೆ ಹೆಂಚು ಹೊತ್ತು ಹೊತ್ತು ಅವಳ ಕುತ್ತಿಗೆ ಬಗ್ಗಿತ್ತು. "ಇವನಿಗೆ ಎಲ್ಲ ನಾನು ಹೇಳ್ಬೇಕು. ನಾನಿಲ್ಲದ ಮೇಲೆ ಯಾರು ಹೇಳೋದು?" ಅಂತ ಅವಳು ಜಲಜಕ್ಕನ ಹತ್ತಿರ ಗೋಳಾಡುತ್ತಿದ್ದಳು. ಜಲಜಕ್ಕ ಅಂದರೆ ಪಕ್ಕದ ಮನೆಯವರು; ಅವರ ಮಗ ಮಸ್ಕತ್ತಿನಲ್ಲಿ.

ಹಾಗಿರುವಾಗ ಮಸ್ಕತ್ತಿನಿಂದಲೇ ಫೋನ್ ಬಂತು. ಮುತ್ತಕ್ಕನ ತಮ್ಮ ವಾಮನ ಅಲ್ಲಿ ನಮ್ಮ ಊರ ಕಡೆಯವರ ಹೋಟೆಲಿನಲ್ಲಿ ಅಡುಗೆಗೆ ಇದ್ದ.

"ಅಕ್ಕ, ಇಲ್ಲಿ ದೋಸೆಯವನು ಕೆಲಸ ಬಿಡ್ತಾನೆ. ದೂಮನನ್ನು ಕಳಿಸು. ಆದರೆ ಒಂದು ಮಾತು, ಸಾಹುಕಾರರಿಗೆ ಹಿಡಿಸದಿದ್ದರೆ ಬೇರೆಯವನನ್ನು ತರಿಸ್ತಾರೆ. ಇಂಥ ಜಾಗ ಮತ್ತೆ ಸಿಕ್ಕುವುದಿಲ್ಲ."

ಮುತ್ತಕ್ಕ ದೇವರಿಗೊಂದು ಕೈ ಮುಗಿದಳು, ಮಗನಿಗೊಂದು ಕೈ ಮುಗಿದಳು. "ದೂಮ, ನಾನು ಹೇಳಿದ ಹಾಗೆ ಕೇಳು ಮಗ."

"ಕೇಳ್ತೇನೆ ಅಮ್ಮ," ಅಂದ ದೂಮ. ಕೇಳಿದ. ಕೇಳಿದ್ದೇ ಕಷ್ಟಕ್ಕೆ ಬಂತು.

ಮೊದಲು ಪಾಸ್‌ಪೋರ್ಟ್. ದೂಮನಿಗೆ ಕ್ಯಾಮರಾ ಕಂಡರೆ ನಗು. "ಹಲ್ಲು ಕಾಣಬಾರದು ಮಗ. ಸರ್ಕಾರದವರ ಮುಂದೆ ಬಾಯಿ ಮುಚ್ಚಿ, ಎದುರಿಗೇ ನೋಡಿ, ಅಲ್ಲಾಡದೆ ಕೂರ್ಬೇಕು." ದೂಮ ಹಾಗೇ ಕೂತ. ಫೋಟೋ ದೇವರ ಪಟದ ಹಾಗೆ ಬಂತು.

ಆಮೇಲೆ ವಿಚಾರಣೆಗೆ ಅಂತ ಪೊಲೀಸ್ ಪೇದೆ ಮನೆಗೆ ಬಂದ. ಅಮ್ಮ ಕಾರ್ಖಾನೆಯಲ್ಲಿ, ದೂಮ ಜಗಲಿಯಲ್ಲಿ.

"ದೂಮ ದೇವಾಡಿಗ ಅಂದ್ರೆ ನೀನಾ?"

ದೂಮನ ಬಾಯಿ ಮುಚ್ಚಿದೆ.

"ಇದೇ ಮನೆಯಲ್ಲಿ ಇರೋದಾ?"

ದೂಮ ಎದುರಿಗೇ ನೋಡುತ್ತಿದ್ದಾನೆ.

"ಕಿವಿ ಕೇಳ್ತದಾ ಇಲ್ವಾ ಮಾರಾಯ?"

ದೂಮ ಅಲ್ಲಾಡುವುದಿಲ್ಲ. ಮೂಗಿನ ಮೇಲೆ ನೊಣ ಕೂತಿತು, ಅದು ಬೇಸರವಾಗಿ ಎದ್ದು ಹೋಯಿತು. ಪೇದೆ ಗಾಬರಿಯಾಗಿ ಜಲಜಕ್ಕನನ್ನು ಕರೆದ. ಜಲಜಕ್ಕ ಬಂದು, "ಹೌದು ಸ್ವಾಮಿ, ಇವನೇ, ಇದೇ ಮನೆ, ಹುಟ್ಟಿದ್ದೂ ಇಲ್ಲೇ" ಅಂತ ಸಾಕ್ಷಿ ಹೇಳಿ ಕಳಿಸಿದರು.

ಮುತ್ತಕ್ಕ ಬಂದು ಹಣೆ ಚಚ್ಚಿಕೊಂಡಳು. "ಎಂತ ಮಾಡಿದ್ದು ನೀನು?"

"ನೀನೇ ಹೇಳಿದ್ದಲ್ವಾ ಅಮ್ಮ?"

"ಅದು ಫೋಟೋಕ್ಕೆ. ಯಾರಾದರೂ ಕೇಳಿದರೆ ಬಾಯಿ ಬಿಟ್ಟು ಹೇಳ್ಬೇಕು. ಮನೆಯ ವಿಷಯ ಎಲ್ಲ ಬಿಡಿಸಿ ಹೇಳ್ಬೇಕು. ಗೊತ್ತಾಯ್ತಾ?"

"ಗೊತ್ತಾಯ್ತು. ಇನ್ನು ಹಾಗೇ ಮಾಡ್ತೇನೆ."

ಮುಂದೆ ಮೆಡಿಕಲ್. ಗಲ್ಫಿಗೆ ಹೋಗುವವರ ಎದೆ, ರಕ್ತ ಎಲ್ಲ ನೋಡಿ ಚೀಟಿ ಕೊಟ್ಟರೇ ವೀಸಾ. ಡಾಕ್ಟರು ಕನ್ನಡಕ ಏರಿಸಿ, "ಮನೆಯಲ್ಲಿ ಕಾಯಿಲೆ ಕಸಾಲೆ ಏನಾದ್ರೂ ಉಂಟಾ?" ಅಂದರು.

ದೂಮ ಕುರ್ಚಿ ಹತ್ತಿರ ಎಳೆದುಕೊಂಡ. "ಉಂಟು ಡಾಕ್ಟ್ರೇ. ಅಜ್ಜನಿಗೆ ಉಬ್ಬಸ. ರಾತ್ರಿ ಇಡೀ ಕೂತೇ ಇರ್ತಿದ್ದರು. ದೊಡ್ಡತ್ತೆಗೆ ಮೈಮೇಲೆ ಬರ್ತದೆ. ಬಂದರೆ ನಾಲ್ಕು ಜನ ಹಿಡೀಬೇಕು. ಅಪ್ಪ ಕೆಮ್ಮಿ ಕೆಮ್ಮಿಯೇ ತೀರಿಹೋದ್ರು. ಹೋದ ವರ್ಷ ನಮ್ಮ ಕೋಳಿಗಳಿಗೆ ತೂಕಡಿಕೆ ರೋಗ ಬಂತು. ಅದರಲ್ಲಿ ಕಪ್ಪು ಹೇಂಟೆ ನನ್ನ ತೊಡೆ ಮೇಲೇ ಸತ್ತದ್ದು."

ಡಾಕ್ಟರು ಕುರ್ಚಿ ಹಿಂದೆ ಎಳೆದುಕೊಂಡರು. ಮತ್ತೊಮ್ಮೆ ಎಕ್ಸ್‌ರೇ, ಮತ್ತೊಮ್ಮೆ ರಕ್ತ, ಮತ್ತೊಮ್ಮೆ ಬಾಯಿ ತೆಗೆ, ನಾಲಿಗೆ ಚಾಚು. ದೂಮ ಕಲ್ಲುಗುಂಡಿನ ಹಾಗೆ ಇದ್ದ, ಪಾಸಾದ. ಆದರೆ ಸಂಜೆವರೆಗೆ ಹೊರಗೆ ಬೆಂಚಿನ ಮೇಲೆ ಕೂತ ಮುತ್ತಕ್ಕನಿಗೆ ಜೀವ ಕೈಯಲ್ಲಿ.

"ಊರ ರೋಗ ಎಲ್ಲ ಹೇಳಿದ್ದಾ? ಕೋಳಿದೂ ಹೇಳಿದ್ದಾ?"

"ನೀನೇ ಹೇಳಿದ್ದಲ್ವಾ, ಮನೆಯ ವಿಷಯ ಬಿಡಿಸಿ ಹೇಳು ಅಂತ."

"ಅಂಥಾ ಕಡೆ ಏನು ಕೇಳಿದ್ರೂ 'ಏನಿಲ್ಲ' ಅನ್ಬೇಕು ಮಗ. ಏನಿಲ್ಲ, ಏನೂ ಇಲ್ಲ, ಅಷ್ಟೇ."

"ಗೊತ್ತಾಯ್ತು. ಇನ್ನು ಹಾಗೇ ಮಾಡ್ತೇನೆ."

ಆ ವಾರವೇ ಹೋಟೆಲ್ ಸಾಹುಕಾರರು ಹುಡುಗನನ್ನು ಫೋನಿನಲ್ಲಿ ಮಾತಾಡಿಸಿದರು. ನಿಮಗೆ ಆಗಲೇ ಗೊತ್ತಾಯಿತು, ನಗಬೇಡಿ, ಕೇಳಿ.

"ಏನಪ್ಪಾ ದೂಮ, ಎಂತೆಂತ ಕೆಲಸ ಬರ್ತದೆ?"

"ಏನಿಲ್ಲ."

"ನೀರುದೋಸೆ? ಉದ್ದಿನ ದೋಸೆ?"

"ಏನೂ ಇಲ್ಲ."

"ಇಲ್ಲಿಗೆ ಬರ್ಲಿಕ್ಕೆ ಮನಸ್ಸಾದ್ರೂ ಉಂಟಾ?"

"ಏನೇನೂ ಇಲ್ಲ."

ಆ ಕಡೆ ಸಾಹುಕಾರರು, "ವಾಮನ, ಬೇರೆ ಜನ ನೋಡು" ಅಂದದ್ದು ಈ ಕಡೆ ಮುತ್ತಕ್ಕನಿಗೆ ಕೇಳಿಸಿತು. ಪುಣ್ಯಕ್ಕೆ ವಾಮನ ಕಾಲು ಹಿಡಿದ ಹಾಗೆ ಬೇಡಿದ: "ಸಾಹುಕಾರ್ರೇ, ಅವನ ಬಾಯಿ ನೋಡ್ಬೇಡಿ, ಕೈ ನೋಡಿ. ವಿಸಿಟ್ ವೀಸಾದಲ್ಲಿ ಕರೆಸಿ, ಕಲ್ಲಿನ ಮುಂದೆ ನಿಲ್ಲಿಸಿ. ಆಗದಿದ್ರೆ ವಾಪಸ್ ಟಿಕೆಟ್ ಅವನ ಕಿಸೆಯಲ್ಲೇ ಇರ್ತದಲ್ಲ." ಸಾಹುಕಾರರು ಮನಸ್ಸಿಲ್ಲದ ಮನಸ್ಸಿನಿಂದ ಹ್ಞೂಂ ಅಂದರು.

"ದೂಮ," ಅಂದಳು ಮುತ್ತಕ್ಕ, ಬೈಯಲಿಕ್ಕೂ ತ್ರಾಣವಿಲ್ಲದೆ. "ದೊಡ್ಡವರು ಕೇಳಿದ್ರೆ 'ಉಂಟು' ಅನ್ಬೇಕು. ಎಲ್ಲದಕ್ಕೂ ಉಂಟು."

"ಗೊತ್ತಾಯ್ತು. ಇನ್ನು ಹಾಗೇ ಮಾಡ್ತೇನೆ."

ಇನ್ನು ಸಾಮಾನು ಕಟ್ಟುವುದು. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಲ್ಲ, ಒಬ್ಬ ಗಲ್ಫಿಗೆ ಹೊರಟನೆಂದರೆ ಊರೇ ಅವನ ಪೆಟ್ಟಿಗೆಯಲ್ಲಿ ಹೊರಡುತ್ತದೆ. ಜಲಜಕ್ಕನ ಮಗನಿಗೆ ಹಲಸಿನ ಹಪ್ಪಳ. ತಿರುವಿನ ಮನೆಯವರ ಅಳಿಯನಿಗೆ ಒಣಸಿಗಡಿ. ಯಾರದೋ ಬಾಣಂತಿಗೆ ಲೇಹ. ಮಾವಿನ ಮಿಡಿ, ಕುಚ್ಚಲಕ್ಕಿ, ತೆಂಗಿನೆಣ್ಣೆ. "ಕೊಟ್ಟವರ ಕಟ್ಟು ಒಂದನ್ನೂ ಬಿಡಬಾರದು, ಮೂವತ್ತು ಕಿಲೋ ಮೀರಲೂಬಾರದು" ಅಂದಳು ಮುತ್ತಕ್ಕ. ದೂಮ ಸೊಸೈಟಿಯ ತಕ್ಕಡಿಯಲ್ಲಿ ತೂಗಿದ, ತೆಗೆದ, ತೂಗಿದ. ಸರಿಯಾಗಿ ಮೂವತ್ತು ಬಂತು. ಏನು ತೆಗೆದ ಅಂತ ಯಾರೂ ಕೇಳಲಿಲ್ಲ.

ವಿಮಾನ ನಿಲ್ದಾಣದಲ್ಲಿ ಮುತ್ತಕ್ಕ, ಜಲಜಕ್ಕ ಗಾಜಿನ ಹೊರಗೆ, ದೂಮ ಒಳಗೆ. ಒಬ್ಬ ಅಧಿಕಾರಿ ಕೇಳಿದ:

"ಬ್ಯಾಗಿನಲ್ಲಿ ಚಾಕು, ಕತ್ತರಿ ಉಂಟಾ?"

"ಉಂಟು."

"ಬೆಂಕಿಪೊಟ್ಟಣ?"

"ಉಂಟು."

"ಪೆಟ್ರೋಲು?"

"ಎಲ್ಲ ಉಂಟು ಸಾರ್."

ಆಮೇಲೆ ಕೇಳುತ್ತೀರಾ? ಓಡಿ ಬಂದವರೆಷ್ಟು, ಬ್ಯಾಗ್ ಬಿಚ್ಚಿದವರೆಷ್ಟು. ಹಪ್ಪಳ ಬಂತು, ಸಿಗಡಿ ಬಂತು, ಲೇಹ ಬಂತು. ಸಿಗಡಿಯ ವಾಸನೆಗೆ ಒಬ್ಬನಿಗೆ ಸೀನು ಹತ್ತಿತು. ಚಾಕು ಬರಲಿಲ್ಲ. ದೂಮನ ಒಂದು ಅಂಗಿ, ಒಂದು ಲುಂಗಿ, ಅದೂ ಬರಲಿಲ್ಲ.

"ನಿನ್ನ ಬಟ್ಟೆ ಎಲ್ಲಿ?" ಅಂದ ಅಧಿಕಾರಿ.

"ಮನೆಯಲ್ಲಿ. ತೂಕ ಮೀರ್ತಿತ್ತು."

ಅಧಿಕಾರಿ ನಗು ತಡೆಯಲಾರದೆ ಅವನನ್ನು ಬಾಗಿಲವರೆಗೆ ಕರೆತಂದು, "ಅಮ್ಮಾ, ನಿಮ್ಮ ಮಗನಿಗೆ ಸ್ವಲ್ಪ ಹೇಳಿ" ಅಂದ.

ಹೇಳಿ ಹೇಳಿ ಸಾಕಾದವಳಿಗೇ ಹೇಳಿ ಅಂದರೆ. ಆದರೂ ಮುತ್ತಕ್ಕ ಹೇಳಿದಳು: "ಇಲ್ಲದ್ದನ್ನು ಉಂಟು ಅನ್ಬಾರದು ಮಗ. ಬಾಯಲ್ಲಿ ಏನು ಹೇಳ್ತೀಯೋ ಅದನ್ನೇ ಮಾಡ್ಬೇಕು. ಹೇಳಿದ್ದೊಂದು ಮಾಡಿದ್ದೊಂದು ಆಗ್ಬಾರದು."

"ಗೊತ್ತಾಯ್ತು. ಇನ್ನು ಹಾಗೇ ಮಾಡ್ತೇನೆ. ನಾನು ಹೋಗ್ತೇನೆ ಅಮ್ಮ."

"ಛೆ, ಹೋಗ್ತೇನೆ ಅನ್ಬಾರದು, ಹೋಗಿ ಬರ್ತೇನೆ ಅನ್ನು."

"ಹೋಗಿ ಬರ್ತೇನೆ."

"ಹೋಗಿ ಬಾ ಮಗ." ಜಲಜಕ್ಕನೂ ಅಂದರು, "ಹೋಗಿ ಬಾ ದೂಮ."

ದೂಮ ಹೋದ. ಮಸ್ಕತ್ತಿನಲ್ಲಿ ವಾಮನ ಬಂದು ಕರೆದುಕೊಂಡು ಹೋದ. ಕಟ್ಟುಗಳೆಲ್ಲ ಸೇರಬೇಕಾದವರಿಗೆ ಸೇರಿದವು. ಬೆಳಿಗ್ಗೆ ದೂಮ ಮಾವನ ಲುಂಗಿ ಉಟ್ಟು ಕಲ್ಲಿನ ಮುಂದೆ ನಿಂತ. ಸಾಹುಕಾರರು ಒಂದು ದೋಸೆ ತಿಂದರು, ಇನ್ನೊಂದು ತಿಂದರು, ಮತ್ತೊಂದಕ್ಕೆ ಚಟ್ನಿ ಕೇಳುವುದನ್ನೇ ಮರೆತರು. "ವಾಮನ, ಇವನನ್ನು ಬಿಡ್ಬೇಡ" ಅಂದರು. ವಾಮನ ಖುಷಿಯಲ್ಲಿ ಅಕ್ಕನಿಗೆ ಫೋನು ಮಾಡಲು ಹಿತ್ತಲಿಗೆ ಹೋದ. ಮಾತಾಡಿ ಬಂದು ನೋಡಿದರೆ ದೂಮನಿಲ್ಲ.

ಮರುದಿನ ಮುತ್ತಕ್ಕ ಅಂಗಳ ಗುಡಿಸುತ್ತಿದ್ದಳು. ಗೇಟು ಕಿರ್ ಅಂದಿತು.

"ಬಂದೆ ಅಮ್ಮ."

ಮುತ್ತಕ್ಕ ಪೊರಕೆ ಬಿಸಾಡಿ ಬಂದಳು. "ನಿನ್ನೆ ಹಿಡಿಸಿದೆ ಅಂದವರು ಇವತ್ತು ಓಡಿಸಿದ್ರಾ?"

"ಇಲ್ಲ, ಇರು ಅಂದ್ರು. ಆದ್ರೆ ಹೋಗಿ ಬರ್ತೇನೆ ಅಂತ ನಿನಗೆ ಹೇಳಿದ್ದೆನಲ್ಲ. ನೀನೂ ಹೋಗಿ ಬಾ ಅಂದೆ. ಜಲಜಕ್ಕನೂ ಅಂದ್ರು. ಹೋದೆ. ಬಂದೆ."

ನಾನು ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿದವನು. ಎಷ್ಟೋ ದಿನ ಯೋಚಿಸಿದ್ದೇನೆ. ಇದರಲ್ಲಿ ತಪ್ಪೆಲ್ಲಿ ಅಂತ ತೋರಿಸಲು ನನ್ನಿಂದಾಗಲಿಲ್ಲ.

ಅಷ್ಟರಲ್ಲಿ ವಾಮನನ ಫೋನು. "ಅಕ್ಕ, ದೂಮ ಎಲ್ಲೂ ಕಾಣ್ತಿಲ್ಲ, ಆಸ್ಪತ್ರೆ ಎಲ್ಲ ಹುಡುಕಿದ್ದಾಯ್ತು..."

"ಇಲ್ಲೇ ಇದ್ದಾನೆ. ಗಂಜಿ ಉಣ್ತಿದ್ದಾನೆ."

ವಾಮನ ಅಲ್ಲಿಂದಲೇ ಸಾಹುಕಾರರಿಗೆ ಕೂಗಿ ತಿಳಿಸಿದ. ಆಮೇಲೆ ಹೇಳಿದ: "ದೋಸೆ ತಿಂದವರೆಲ್ಲ ಅವನನ್ನೇ ಕೇಳ್ತಿದ್ದಾರೆ. ಸಾಹುಕಾರರು ಕೆಲಸದ ವೀಸಾನೇ ಕಳಿಸ್ತಾರಂತೆ. ಆದರೆ ಅಕ್ಕ, ಈ ಸಲ ಹೋಗಿ ಬಾ ಅನ್ಬೇಡ. ಹೋಗು ಅನ್ನು, ಸಾಕು."

ಹೇಳುವುದು ಸುಲಭ. ಹೊರಟ ಮಗನಿಗೆ 'ಹೋಗು' ಅಂತ ಯಾವ ತಾಯಿ ಅಂದಾಳು? ಮಾತಿಗೂ ಅನ್ನಬಾರದ ಮಾತು ಅದು. ವೀಸಾ ಬಂತು, ಟಿಕೆಟ್ ಬಂತು, ಹೊರಡುವ ದಿನವೂ ಬಂತು. ಗೇಟಿನ ಹತ್ತಿರ ಮುತ್ತಕ್ಕ ಬಾಯಿ ತೆರೆದಳು, ಮುಚ್ಚಿದಳು. ರಿಕ್ಷಾದವನು ಹಾರ್ನ್ ಹೊಡೆದ.

"ಅಮ್ಮ, ಎಂತದೂ ಹೇಳ್ಲಿಕ್ಕಿಲ್ವಾ?"

ಮುತ್ತಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ಹೋಗು ಮಗ. ನಾನು ಬಾ ಅಂದಾಗ ಬಾ."

"ಗೊತ್ತಾಯ್ತು. ನೀನು ಬಾ ಅಂದಾಗ ಬರ್ತೇನೆ."

ಹೋದ. ಇದ್ದ. ಒಂದು ವಾರ ಇದ್ದ, ಒಂದು ತಿಂಗಳು ಇದ್ದ, ಮಳೆಗಾಲ ಇಡೀ ಇದ್ದ. ಮಾವ ಹೇಳದೆಯೂ ಬಟ್ಟೆ ಒಗೆದುಕೊಳ್ಳಲು ಕಲಿತ. ಸಂಬಳ ಬಂತು, ಊರಿಗೆ ಕಳಿಸಿದ. ಮುತ್ತಕ್ಕ ಕಾರ್ಖಾನೆ ಬಿಟ್ಟಳು. ಬಗ್ಗಿದ ಕುತ್ತಿಗೆ ಸ್ವಲ್ಪ ನೆಟ್ಟಗಾಯಿತು. ಸಂಜೆ ಸಂಜೆ ಫೋನು. "ಉಂಡೆಯಾ?" "ಉಂಡೆ." "ಜ್ವರ ಗಿರ ಇಲ್ಲ?" "ಇಲ್ಲ." ಬಾ ಅನ್ನುವ ಶಬ್ದ ಮಾತ್ರ ಅವಳು ಅಪ್ಪಿ ತಪ್ಪಿ ಆಡುತ್ತಿರಲಿಲ್ಲ. ಮಳೆ ಬಾರದು ಅನ್ನಲಿಕ್ಕೂ ಹೆದರಿಕೆ.

ಒಂದು ಸಂಜೆ ಹೀಗೇ ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ನುಚ್ಚಿನ ಗೆರಸೆ. ಕತ್ತಲಾಗುವುದರೊಳಗೆ ಕೋಳಿಗಳನ್ನು ಗೂಡಿಗೆ ಸೇರಿಸಬೇಕು. ದೂಮ ಆ ಕಡೆ ಕಲ್ಲಿಗೆ ಹಿಟ್ಟು ಹೊಯ್ಯುತ್ತಾ ಮಾತಾಡುತ್ತಿದ್ದ. ಮುತ್ತಕ್ಕ ಅಂಗಳಕ್ಕೆ ನುಚ್ಚು ಚೆಲ್ಲಿ, ಹುಟ್ಟಿದಾಗಿನಿಂದ ಕರೆದ ಹಾಗೆ ಕರೆದಳು:

"ಬಾ ಬಾ ಬಾ."

ಫೋನು ಕಟ್ಟಾಯಿತು. ಸಿಗ್ನಲ್ ಹೋಯಿತು ಅಂದುಕೊಂಡಳು.

ಮರುದಿನ ಕೋಳಿಗಳನ್ನು ಗೂಡಿನಿಂದ ಬಿಡುವ ಹೊತ್ತಿಗೆ ಗೇಟು ಕಿರ್ ಅಂದಿತು. ದೂಮ. ಎದೆಗೆ ಹೋಟೆಲಿನ ಏಪ್ರನ್, ಅದರ ಮೇಲೆ ಒಣಗಿದ ಹಿಟ್ಟು. ಆ ತಿಂಗಳ ಸಂಬಳ ಟಿಕೆಟಿಗೆ ಹೋಗಿತ್ತು.

"ಕರೆದೆಯಲ್ಲ ಅಮ್ಮ. ಒಂದು ಸಲ ಅಲ್ಲ, ಬಾ ಬಾ ಬಾ ಅಂದೆ. ಏನೋ ಅರ್ಜೆಂಟ್ ಅಂತ, ಕಲ್ಲಿನ ಮೇಲಿದ್ದ ದೋಸೆ ಮಗುಚದೆ ಬಂದೆ."

ಮುತ್ತಕ್ಕ ಮಗನನ್ನು ನೋಡಿದಳು. ಕೋಳಿಗಳನ್ನು ನೋಡಿದಳು. ಹಣೆ ಚಚ್ಚಿಕೊಳ್ಳಲು ಎತ್ತಿದ ಕೈ ಅವನ ತಲೆ ಮೇಲೆ ಹೋಯಿತು. "ಗಂಜಿ ಬಿಸಿ ಉಂಟು, ಕೂತ್ಕೋ" ಅಂದಳು.

ಒಳಗೆ ಫೋನು ಬಡಿದುಕೊಳ್ಳುತ್ತಿತ್ತು. ವಾಮನ.

"ಅಕ್ಕ, ಸಾಹುಕಾರರು ಬೈಯುತ್ತಿಲ್ಲ. ನಗ್ತಿದ್ದಾರೆ. ಆ ಸೀದ ದೋಸೆಯನ್ನು ಎತ್ತಿಟ್ಟಿದ್ದಾರೆ, ದೂಮನ ಕೈಯಲ್ಲಿ ಸೀದದ್ದು ಅದೊಂದೇ ಅಂತ. ನಾಡಿದ್ದೇ ಕಳಿಸು. ಆದರೆ ಅಕ್ಕ, ನಿನಗೆ ಕೈ ಮುಗೀತೇನೆ, ಮೊದಲು ಆ ಕೋಳಿಗಳನ್ನು ಮಾರು."

"ಮಾರ್ತೇನೆ," ಅಂದಳು ಮುತ್ತಕ್ಕ.

ಕೋಳಿಗಳು ಈಗಲೂ ಉಂಟು. ನಿನ್ನೆ ಆ ಕಡೆ ಹೋದಾಗ ನೋಡಿದೆ, ಮೊದಲಿಗಿಂತ ಜಾಸ್ತಿಯೇ ಆಗಿವೆ.