ಕರಿಮಡು ದಾಟಿದ ಹುಲಿಗೆವ್ವ

ಅದಕ್ಕೆ ನಮ್ಮೂರಲ್ಲಿ ಒಂದು ಹೆಸರಿತ್ತು. ಕತ್ತಲಾದ ಮೇಲೆ ಯಾರಾದರೂ ಹೊಳೆಯಲ್ಲಿದ್ದರೆ ದಂಡೆಯ ಮೇಲೆ ನಿಂತು ಕೂಗುತ್ತಿದ್ದರಲ್ಲ, ಅದಕ್ಕೆ. ಕರು... ಕರುಗೊರಳು? ಅಲ್ಲ. ಕರುದನಿ? ಅದೂ ಅಲ್ಲ. ಇಷ್ಟು ವರ್ಷ ಈ ದೂರದ ಊರಲ್ಲಿ ನಲ್ಲಿ ನೀರು ಹಿಡಿದು ಬದುಕಿದವಳ ಬಾಯಿಗೆ ಹೊಳೆಯ ಮಾತು ಬೇಗ ಬರುವುದಿಲ್ಲ. ಇರಲಿ, ನಿಮಗೂ ಮೊಮ್ಮಗಳು ಭೂಮಿಕಾಗೂ ಕತೆ ಹೇಳುತ್ತ ಹೋದರೆ ನೆನಪಾದೀತು.

ಎಷ್ಟು ಹಿಂದಿನದು ಎಂದು ಕೇಳಬೇಡಿ. ನಮ್ಮಜ್ಜಿಯ ಅಜ್ಜಿಗೂ ಅದು ಹಳೆಯ ಕಾಲವೇ. ಕೃಷ್ಣಾ ಹೊಳೆಯ ದಂಡೆಗೆ ನಮ್ಮೂರು, ಆ ಊರಲ್ಲಿ ಹುಲಿಗೆವ್ವ ಎಂಬ ಹೆಂಗಸು. ಗಂಡ ತೀರಿಹೋಗಿದ್ದ. ಎಮ್ಮೆ ಸಾಕಿ, ಹಾಲು ಮಾರಿ, ಸಾವಂತ್ರಿ ಎಂಬ ಒಬ್ಬಳೇ ಮಗಳನ್ನು ಬೆಳೆಸುತ್ತಿದ್ದಳು.

ಊರಿನ ಎದುರಿಗೆ, ಹೊಳೆಯ ನಡುವೆ ಒಂದು ನಡುಗಡ್ಡೆ. ಊರಿಗೂ ಅದಕ್ಕೂ ಮಧ್ಯೆ ಕರಿಮಡು. ಆ ಮಡುವಿನ ತಳ ಕಂಡವರಿಲ್ಲ ಅಂತಾರೆ. ನಡುಗಡ್ಡೆಯಲ್ಲಿ ಹುಲ್ಲು ಚೆನ್ನಾಗಿ ಬೆಳೆಯುತ್ತಿತ್ತು. ಬೆಳಿಗ್ಗೆ ಎಮ್ಮೆಗಳು ಮಡುವನ್ನು ಈಜಿ ಹೋಗುತ್ತಿದ್ದವು, ಬಾಲ ಹಿಡಿದುಕೊಂಡು ಹುಲಿಗೆವ್ವನೂ ಹೋಗುತ್ತಿದ್ದಳು. ಆದರೆ ಬಿಸಿಲು ಇರುವಾಗಲೇ ತಿರುಗಿ ಬರುತ್ತಿದ್ದಳು. ಹೊತ್ತು ಮುಳುಗಿತೆಂದರೆ ಹೊಳೆಗೆ ಕಾಲಿಡುತ್ತಿರಲಿಲ್ಲ. ರಾತ್ರಿಯ ನೀರಿನಲ್ಲಿ ಕೆಳಗೇನಿದೆಯೋ ನಮಗೆ ಕಾಣುವುದಿಲ್ಲ, ಕೆಳಗಿರುವುದಕ್ಕೆ ಮಾತ್ರ ನಾವು ಕಾಣುತ್ತೇವೆ ಎನ್ನುತ್ತಿದ್ದಳಂತೆ.

ಊರಿನ ಪರ್ವತಗೌಡ ದೊಡ್ಡ ಈಜುಗಾರ. ಎತ್ತರದ ಬಂಡೆಯಿಂದ ಹಾರಿ ಆಚೆ ದಡದಲ್ಲಿ ಏಳುತ್ತಿದ್ದ ಅಂತಾರೆ. ಅವನಿಗೆ ಹುಲಿಗೆವ್ವನನ್ನು ಕಂಡರೆ ನಗೆ.

"ಹೆಸರು ನೋಡಿದ್ರ ಹುಲಿಗೆವ್ವ, ಹೊತ್ತು ಮುಣಗಿದ್ರ ಬೆಕ್ಕು!" ಎಂದು ಕಟ್ಟೆಯ ಮೇಲೆ ಕೂತು ಕೆಣಕುತ್ತಿದ್ದ.

"ಬೆಕ್ಕು ಹೊಳಿಯಾಗ ಮುಣಗಿ ಸತ್ತದ್ದು ಯಾರರ ನೋಡೀರೇನ್ರಿ ಗೌಡ್ರ?" ಎಂದು ಅವಳು ಹಾಲಿನ ತಂಬಿಗೆ ಹೊತ್ತು ಮುಂದೆ ಹೋಗುತ್ತಿದ್ದಳು.

ಹೀಗಿರುವಾಗ ಬೇಸಿಗೆಯ ಕೊನೆಯಲ್ಲಿ ಒಂದು ಸಂಜೆ ಸಾವಂತ್ರಿಯೂ ಗೌಡನ ಮಗಳು ಗುರುಬಾಯಿಯೂ ನಡುಗಡ್ಡೆಯ ಕಲ್ಲಂಗಡಿ ಹೊಲಕ್ಕೆ ಹೋಗಿದ್ದರು. ಊರಿಗಿದ್ದ ಒಂದೇ ಹರಿಗೋಲಿನಲ್ಲಿ ಹೋಗಿದ್ದರು. ಊರಿನ ಮೇಲೆ ಒಂದು ಹನಿ ಬಿದ್ದಿರಲಿಲ್ಲ, ಆದರೆ ಮೇಲಿನ ಸೀಮೆಯಲ್ಲಿ ಮಳೆ ಸುರಿದಿತ್ತು. ಹೊಳೆ ಏರಿತು. ಹಗ್ಗ ಹರಿದು ಹರಿಗೋಲು ತೇಲಿಹೋಯಿತು. ದಂಡೆಯ ಜನ ನೋಡುತ್ತಿದ್ದ ಹಾಗೆಯೇ ಹುಡುಗಿಯರು ಸೆರಗು ಬೀಸಿದರು, ಆಮೇಲೆ ಕತ್ತಲಾಯಿತು, ಸೆರಗೂ ಕಾಣದಾಯಿತು. ಬೆಳಗಾಗುವಷ್ಟರಲ್ಲಿ ನಡುಗಡ್ಡೆ ಮುಳುಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಗೌಡ ಧೋತರ ಕಟ್ಟಿ ನೀರಿಗಿಳಿದ. ಸೊಂಟದ ತನಕ ಹೋದ. ಅಲ್ಲಿ ನಿಂತ. ಮುಂದೆ ನೀರು ಯಾವುದು, ಕತ್ತಲು ಯಾವುದು ತಿಳಿಯಲಿಲ್ಲ. ಅವನ ಕಾಲು ಏಳಲೇ ಇಲ್ಲ ಅಂತಾರೆ. ಯಾರೂ ನಗಲಿಲ್ಲ, ಬೇರೆ ಯಾರೂ ಇಳಿಯಲೂ ಇಲ್ಲ.

ಆಗ ಹುಲಿಗೆವ್ವ ತನ್ನ ಚಂದ್ರಿ ಎಮ್ಮೆಯನ್ನು ಹಿಡಿದುಕೊಂಡು ಬಂದಳು. ಚಂದ್ರಿ ಈದು ಬಹಳ ದಿನವಾಗಿರಲಿಲ್ಲ. ಅದರ ಕರುವನ್ನೂ ತಂದು ದಂಡೆಯ ಗೂಟಕ್ಕೆ ಕಟ್ಟಿದಳು.

"ನಿನಗ ಅಂಜಿಕಿ ಇಲ್ಲೇನಬೇ?" ಎಂದು ಗೌಡ ಕೇಳಿದ.

"ನನಗ ಐತ್ರಿ. ಎಮ್ಮಿಗಿಲ್ಲ," ಎಂದಳು.

ಕರುವಿಗೆ ಯಾರೂ ಹಾಲು ಕುಡಿಸಬಾರದು, ಹಸಿದು ಒದರಲಿ, ಆ ದನಿ ಹಿಡಿದೇ ಚಂದ್ರಿ ತಿರುಗಿ ಬರಬೇಕು ಎಂದು ಹೇಳಿ, ಬಾಲ ಹಿಡಿದು ನೀರಿಗಿಳಿದಳು.

ಹೋಗುವಾಗ ಕಣ್ಣು ಮುಚ್ಚಿಕೊಂಡೇ ಹೋದಳು ಅಂತಾರೆ. ಮಡುವಿನ ನಡುವೆ ಕೆಳಗಿನ ನೀರು ಒಮ್ಮೆಲೇ ತಣ್ಣಗಾಯಿತು. ಏನೋ ಒಂದು ಅವಳ ಮೊಣಕಾಲು ಸವರಿ ಹೋಯಿತು. ಮೊಸಳೆ ಎನ್ನುವವರಿದ್ದಾರೆ, ತೇಲಿಬಂದ ಕೊಂಬೆ ಎನ್ನುವವರೂ ಇದ್ದಾರೆ. ಅವಳು ನೋಡಲಿಲ್ಲ. ಚಂದ್ರಿ ದಿನದ ದಾರಿ ಬಿಡದೆ ನಡುಗಡ್ಡೆ ಮುಟ್ಟಿತು. ಹುಡುಗಿಯರಿಬ್ಬರನ್ನೂ ಅದರ ಬೆನ್ನ ಮೇಲೆ ಕೂರಿಸಿ, ಮತ್ತೆ ಬಾಲ ಹಿಡಿದು ಹುಲಿಗೆವ್ವ ಹೊರಟಳು. ಆಚೆಯಿಂದ ಕರು ಒದರುತ್ತಿತ್ತು, ಚಂದ್ರಿ ನೆಟ್ಟಗೆ ಅತ್ತಲೇ ಈಜಿತು.

ಇತ್ತ ದಂಡೆಯಲ್ಲಿ ಗೌಡನ ಹೆಂಡತಿಗೆ ಕರುವಿನ ಒದರಾಟ ಕೇಳಲಾಗಲಿಲ್ಲ. ಮಗಳು ನೀರಿನಲ್ಲಿರುವಾಗ ಹಸಿದ ಕರುವಿನ ಶಾಪ ತಟ್ಟಬಾರದು ಎಂದುಕೊಂಡಳು. ಯಾರಿಗೂ ಹೇಳದೆ ತನ್ನ ಎಮ್ಮೆಯ ಹಾಲು ತಂದು ಕುಡಿಸಿದಳು. ಕರು ಹೊಟ್ಟೆ ತುಂಬಾ ಕುಡಿಯಿತು, ಕಾಲು ಮಡಚಿ ಮಲಗಿತು.

ದನಿ ನಿಂತಿತು.

ನಡುಮಡುವಿನಲ್ಲಿ ಚಂದ್ರಿ ಕತ್ತೆತ್ತಿ ಕೇಳಿತು, ಎಡಕ್ಕೆ ಹೊರಳಿತು, ಬಲಕ್ಕೆ ಹೊರಳಿತು, ನಿಂತಲ್ಲೇ ಸುತ್ತತೊಡಗಿತು. ಸೆಳವು ಎಳೆಯುತ್ತಿತ್ತು. ಆಗ ಹುಲಿಗೆವ್ವ ಕಣ್ಣು ತೆರೆದಳು. ತೆರೆದರೂ ಮುಚ್ಚಿದರೂ ಒಂದೇ ಕಪ್ಪು. ದಂಡೆ ಯಾವ ಕಡೆ ಎಂಬುದೇ ಇಲ್ಲ. ಹುಡುಗಿಯರು ಅಳತೊಡಗಿದರು. ಅವಳಿಗೆ ಹುಟ್ಟಿದಾಗಿನಿಂದ ಇದ್ದ ಅಂಜಿಕೆಯೆಲ್ಲ ಒಂದಾಗಿ ಬಂತು. ಆದರೂ ಬಾಲ ಬಿಡದೆ ದಂಡೆಗೆ ಕೇಳುವ ಹಾಗೆ ಕೂಗಿದಳು.

"ಕರು ಯಾಕ ಸುಮ್ಮನಾತು?"

"ಹಾಲು ಕುಡದು ಮಲಗೇತಿ!" ಎಂದು ಯಾರೋ ಕೂಗಿದರು. ಎಬ್ಬಿಸಿದರು, ಗಿಲ್ಲಿದರು, ಹೊಟ್ಟೆ ತುಂಬಿದ ಕರು ಬಾಯಿ ಬಿಡಲಿಲ್ಲ.

"ಹಂಗಾರ ನೀವ ಒದರ್ರೋ!"

ಆಗ ಪರ್ವತಗೌಡ, ಊರೆಲ್ಲ ಎದ್ದು ನಿಂತು ಕೈಮುಗಿಯುತ್ತಿದ್ದ ಪರ್ವತಗೌಡ, ರುಮಾಲು ತೆಗೆದಿಟ್ಟು, ಎರಡೂ ಕೈ ದಂಡೆಯಂಚಿನ ನೀರಿನಲ್ಲಿ ಊರಿ, ಕುತ್ತಿಗೆ ಚಾಚಿ ಎಮ್ಮೆಗರುವಿನ ಹಾಗೆ ಒದರಿದ. "ಊಂಯ್ಯಾ!" ಅವನ ಹಿಂದೆ ಅವನ ಹೆಂಡತಿ ಅಳುತ್ತಳುತ್ತಲೇ ಒದರಿದಳು. ಅಗಸರು, ಅಂಬಿಗರು, ಪೂಜಾರಿ, ಹಲ್ಲಿಲ್ಲದ ಮುದುಕಿಯರು, ಊರಿಗೂರೇ ಕರುವಾಗಿ ಒದರಿತು.

ಚಂದ್ರಿ ಮೋಸಹೋಯಿತೋ, ಇಷ್ಟು ಜನ ಹಸಿದಿದ್ದಾರಲ್ಲ ಎಂದು ಮರುಗಿತೋ, ಯಾರು ಬಲ್ಲರು? ಮೂತಿ ತಿರುಗಿಸಿ ನೆಟ್ಟಗೆ ಬಂದು ಗೌಡನ ಎದುರಿಗೇ ದಡ ಹತ್ತಿತು. ಹುಡುಗಿಯರನ್ನು ಇಳಿಸಿಕೊಂಡರು. ಹುಲಿಗೆವ್ವನ ಬೆರಳುಗಳನ್ನು ಬಾಲದಿಂದ ಒಂದೊಂದಾಗಿ ಬಿಡಿಸಬೇಕಾಯಿತು ಅಂತಾರೆ. ದಂಡೆಯಲ್ಲಿ ಕೂತವಳು ಗೌಡನ ಕೆಸರು ಮೆತ್ತಿದ ಮೀಸೆ ನೋಡಿದಳು.

"ಗೌಡ್ರ, ದನಿ ಛಲೋ ಐತಿ ನಿಮ್ದು. ನಾಳಿ ಹಾಲು ಹಿಂಡೂ ಹೊತ್ತಿಗೆ ಬರ್ರಿ, ಚಂದ್ರಿ ಲಗೂನ ತೊರಿ ಬಿಟ್ಟು ಹಾಲು ಕೊಡತಾಳ."

ಗೌಡನೇ ಮೊದಲು ನಕ್ಕನಂತೆ. ಆ ನಗು ಆಚೆ ದಡದ ಊರಿಗೂ ಕೇಳಿಸಿತಂತೆ.

ಹುಲಿಗೆವ್ವನ ಅಂಜಿಕೆ ಹೋಗಲಿಲ್ಲ. ಆಮೇಲೆ ಬದುಕಿರುವ ತನಕ ಕತ್ತಲಲ್ಲಿ ಹೊಳೆಗೆ ಇಳಿಯಲಿಲ್ಲ. ಯಾರೂ ಅವಳನ್ನು ಬೆಕ್ಕು ಎನ್ನಲೂ ಇಲ್ಲ.

ಅಂದಿನಿಂದ ನಮ್ಮೂರಲ್ಲಿ ಕತ್ತಲಾದ ಮೇಲೆ ಯಾರಾದರೂ ನೀರಿನಲ್ಲಿದ್ದರೆ, ಅವರು ದಡ ಹತ್ತುವ ತನಕ ದಂಡೆಯಲ್ಲಿ ಒಬ್ಬರಾದರೂ ನಿಂತು ಕರುವಿನ ಹಾಗೆ ಒದರಬೇಕು. ಹೊಸ ಸೊಸೆಯಂದಿರು ಮೊದಲು ನಗುತ್ತಾರೆ, ಆಮೇಲೆ ಕಲಿಯುತ್ತಾರೆ. ಈಗ ಸೇತುವೆಯಾಗಿದೆಯಂತೆ. ಆದರೂ ಕೊನೆಯ ಬಸ್ಸು ಸೇತುವೆ ಮೇಲೆ ಬರುವಾಗ ದಂಡೆಯಿಂದ ಯಾರೋ ಒಬ್ಬರು ಒದರುತ್ತಾರಂತೆ, ಬಸ್ಸಿನಲ್ಲಿರುವ ಊರವರು ಕಿಟಕಿಯಿಂದ ತಲೆ ಹೊರಹಾಕಿ ತಿರುಗಿ ಒದರುತ್ತಾರಂತೆ.

ಹಾಂ, ಕರುಗೂಗು! ಅದೇ, ಕರುಗೂಗು ಅಂತಿದ್ದೆವು. ಭೂಮಿಕಾ, ಬಾ ಇಲ್ಲಿ, ಇದನ್ನು ಬರಕೋ ನಮ್ಮವ್ವಾ. ಒದರೂದು ಹೆಂಗ ಅಂತ ಆಮೇಲೆ ನಾನ ತೋರಸ್ತೀನಿ.