ಮರ ಹತ್ತುವ ಆಮೆ, ಹೆಬ್ಬಾತಿನ ಎರಡು ಗೀರು

ಲೋಕ ಆಗಿನ್ನೂ ಹೊಸದು. ನದಿಗಳು ದಾರಿ ಕೇಳಿಕೊಂಡು ಹರಿಯುತ್ತಿದ್ದವು. ಯಾವ ತಿಂಗಳು ಯಾವ ಕಡೆಯಿಂದ ಬೀಸಬೇಕೆಂದು ಗಾಳಿಗೆ ಪೂರ್ತಿ ರೂಢಿಯಾಗಿರಲಿಲ್ಲ. ಹೆಬ್ಬಾತಿನ ತಲೆ ಹಾಲಿನಂತೆ ಬೆಳ್ಳಗಿತ್ತು, ಅದರ ಮೇಲೆ ಒಂದು ಗೀರೂ ಇರಲಿಲ್ಲ. ಟಿಟ್ಟಿಭದ ದನಿಯೋ ಬಲು ಮೆತ್ತಗೆ. ಅದು ಮಾತಾಡಿದರೆ ಕಿವಿ ಹತ್ತಿರ ತಂದು ಕೇಳಬೇಕಾಗಿತ್ತು.

ಆ ದಿನವೂ ಎಲ್ಲ ದಿನಗಳಂತೆಯೇ ಶುರುವಾಯಿತು. ಎರೆಬಯಲಿನ ನಡುವಿನ ಕೆರೆಯ ದಂಡೆಯಲ್ಲಿ ಟಿಟ್ಟಿಭ ನಾಲ್ಕು ಹೆಜ್ಜೆ ಓಡಿತು, ನಿಂತಿತು, ಹುಳ ಹೆಕ್ಕಿತು, ಮತ್ತೆ ನಾಲ್ಕು ಹೆಜ್ಜೆ ಓಡಿತು. ಬಯಲಿನವರು ಅವಳನ್ನು ತೇನವ್ವ ಎಂದು ಕರೆಯುತ್ತಿದ್ದರು. ಗೌಜಲಹಕ್ಕಿ ಕರಿಮಣ್ಣಿನಲ್ಲಿ ಹೊರಳಿ ಮೈ ಕೊಡವುತ್ತಿತ್ತು. ಮೊಲ ಕಡಲೆ ಗಿಡದ ಬುಡದಲ್ಲಿ ತೂಕಡಿಸುತ್ತಿತ್ತು.

ಅಷ್ಟರಲ್ಲಿ ಬಡಗಣ ಗಾಳಿ ಓಡೋಡಿ ಬಂತು.

"ತೇನವ್ವಾ, ಏ ತೇನವ್ವಾ! ಮಂದಿ ಬರಾಕತ್ತಾರ. ಹಿಮದ ಬೆಟ್ಟ ದಾಟಿ ಬಂದಾರ. ಹಾದಿ ತುಂಬ ನನ್ನ ಬೆನ್ನ ಮ್ಯಾಲೇ ಕುಂತು, ನಡಾ ನೋವು ಹಚ್ಯಾರ ನನಗ."

"ಎಷ್ಟು ಮಂದಿ?"

"ಎಣಸಾಕ ಪುರಸೊತ್ತು ಎಲ್ಲಿತ್ತವ್ವ?"

ತೇನವ್ವ ತಾನೇ ಎಣಿಸಿದಳು. ನಲವತ್ತೊಂದು ಹೆಬ್ಬಾತುಗಳು ಕೆರೆಗೆ ಇಳಿದವು. ನಲವತ್ತೊಂದು ಬಿಳಿ ತಲೆಗಳು. ಅವರು ಎರೆಬಯಲನ್ನು ಕಂಡದ್ದು ಅದೇ ಮೊದಲು.

ಎರೆಬಯಲಿನಲ್ಲಿ ಒಂದು ಪದ್ಧತಿ ಇತ್ತು. ಹೊರಗಿನಿಂದ ಯಾರು ಬಂದರೂ ಮೊದಲ ದಿನ ಅವರಿಗೆ ಹತ್ತು ಬುದ್ಧಿಮಾತು ಹೇಳಬೇಕು. ಒಂಬತ್ತು ನಿಜ, ಒಂದು ಚೇಷ್ಟೆ. ಚೇಷ್ಟೆ ಯಾವುದೆಂದು ಬಂದವರೇ ಕಂಡುಕೊಳ್ಳಬೇಕು. ಕಂಡುಕೊಂಡ ದಿನ ಬಯಲೆಲ್ಲ ನಗುತ್ತದೆ, ಬಂದವರೂ ನಗುತ್ತಾರೆ. ಅಲ್ಲಿಗೆ ಅವರು ಅತಿಥಿಗಳಲ್ಲ, ಬಯಲಿನವರೇ. ಬಿಸಿಲು ಬಿಟ್ಟರೆ ಬೇರೇನೂ ಧಾರಾಳವಾಗಿ ಸಿಗದ ಜಾಗ ಅದು. ಬಂದವರಿಗೆ ಕೊಡಲು ಅವರ ಬಳಿ ಇದ್ದದ್ದು ಈ ಒಂದು ನಗು.

ಮೊಲ ಹೊಸದಾಗಿ ಬಂದಾಗ, ಸಂಜೆ ಕಿವಿ ಮಡಚದಿದ್ದರೆ ಮುಳುಗುವ ಬಿಸಿಲು ಕಿವಿಯೊಳಗೆ ಸಿಕ್ಕಿಕೊಳ್ಳುತ್ತದೆ ಎಂದು ಹೇಳಿದ್ದರು. ಪಾಪದ ಮೊಲ ಹನ್ನೆರಡು ಸಂಜೆ ಕಿವಿ ಮಡಚಿಕೊಂಡು ಕೂತಿತ್ತು. ಆ ಕತೆಯನ್ನು ಈಗ ಮೊಲವೇ ಎಲ್ಲರಿಗಿಂತ ಹೆಚ್ಚು ನಕ್ಕು ಹೇಳುತ್ತಿತ್ತು.

ಹತ್ತು ಮಾತು ಹೇಳುವ ಕೆಲಸ ತೇನವ್ವನದು. ಮೆತ್ತಗಿನ ದನಿ, ನಗದ ಮುಖ. ಅವಳು ಹೇಳಿದರೆ ಕಲ್ಲೂ ನಂಬುತ್ತಿತ್ತು.

ಅವಳು ದಂಡೆಗೆ ಹೋಗಿ, ಹಿಂಡಿನ ಹಿರಿಯಳ ಮುಂದೆ ನಿಂತಳು. "ಆರಾಮ್ ಬಂದ್ರೇನ್ರಿ, ಆಯಿ? ನೀವು ಈ ಕಡೆ ಹೊಸಬರು. ಒಂದೀಟು ಮಾತು ಹೇಳತೀನಿ, ಕೇಳ್ರಿ."

"ಹೇಳಮ್ಮ. ದಾರಿ ತಿಳಿದವರ ಮಾತು ನಮಗೆ ಬೇಕು," ಎಂದಳು ಹಿರಿಯ ಹೆಬ್ಬಾತು.

"ನೀರು ಎಲ್ಲಿ ಐತಿ ಅಂತ ಕೇಳಿದಾಗ ನಮ್ಮ ಮಂದಿ 'ಇಲ್ಲೇ ಐತಿ' ಅಂದ್ರ, ಅರ್ಧ ದಿನದ ಹಾದಿ ಅಂತ ತಿಳೀರಿ. 'ಒಂದೀಟು ದೂರ' ಅಂದ್ರ ಹೋಗಲೇಬ್ಯಾಡ್ರಿ."

ಹೆಬ್ಬಾತುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡವು.

"ಮಳಿ ಯಾವಾಗ ಬರತೈತಿ ಅಂತ ಯಾರನ್ನೂ ಕೇಳಬ್ಯಾಡ್ರಿ. ಗೌಜಲಪ್ಪನ್ನಂತೂ ಕೇಳಲೇಬ್ಯಾಡ್ರಿ, ಮಾತು ಬಿಡತಾನ."

"ಕೇಳ್ರಿ, ಕೇಳಿ ನೋಡ್ರಿ!" ಎಂದಿತು ಗೌಜಲಹಕ್ಕಿ ಮಣ್ಣಿನೊಳಗಿಂದ.

"ಮಧ್ಯಾಹ್ನ ದೂರದಾಗ ನೀರು ಹೊಳದಂಗ ಕಂಡ್ರ ಬೆನ್ನ ಹತ್ತಬ್ಯಾಡ್ರಿ. ಅದು ಬಿಸಿಲುಗುದುರಿ. ಎರಿಮಣ್ಣು ಹಸಿ ಇದ್ದಾಗ ನಡೀಬ್ಯಾಡ್ರಿ, ಅರ್ಧ ಹೊಲ ಕಾಲಿಗೆ ಹತ್ತಿ ಮನಿಗೆ ಬರತೈತಿ. ಕಡ್ಲಿ ಸೊಪ್ಪು ಹೊಟ್ಟಿ ತುಂಬ ತಿನ್ರಿ, ಆದ್ರ ಹುಳಿ ಐತಿ ಅಂತ ಮಾರಿ ಕಿವಿಚಬ್ಯಾಡ್ರಿ. ನಮ್ಮ ಕಡೆ ಅದು ಮರ್ಯಾದಿ ಅಲ್ಲ."

ಹಿಂಡಿನ ಅಂಚಿನಲ್ಲಿ ಒಂದು ಎಳೆಯ ಹೆಬ್ಬಾತು ಆಗಲೇ ಒಂದು ಎಲೆ ಬಾಯಿಗೆ ಹಾಕಿಕೊಂಡು ಮುಖ ಕಿವಿಚಿತ್ತು. ತೇನವ್ವನ ಮಾತು ಕೇಳಿ ತಟ್ಟನೆ ಮುಖ ನೇರ ಮಾಡಿಕೊಂಡಿತು. ಅದರ ಹೆಸರು ಮಂಜಿ. ಅದು ಗೂಡು ಬಿಟ್ಟು ಹಾರಿ ಬಂದದ್ದು ಅದೇ ಮೊದಲ ಸಲ.

ಹಾಗೆ ಒಂದೊಂದೇ ಹೇಳುತ್ತ ತೇನವ್ವ ಒಂಬತ್ತನೆಯ ಮಾತಿಗೆ ಬಂದಳು. ಇದನ್ನು ಹೇಳುವಾಗ ಮಾತ್ರ ಅವಳು ಕತ್ತು ತಿರುಗಿಸಿ ಹುಲ್ಲುಗಾವಲನ್ನು ನೋಡಿದಳು. "ಹುಲ್ಲು ಗಾಳಿ ಬೀಸಿದ ಕಡೆ ಬಾಗತೈತಿ. ಗಾಳಿಗೆ ಎದುರಾಗಿ ಬಾಗೂ ಹುಲ್ಲು ಕಂಡ್ರ ಅದು ಹುಲ್ಲಲ್ಲ. ತ್ವಾಳ."

ಹೆಬ್ಬಾತುಗಳು ತಲೆಯಾಡಿಸಿದವು.

"ಕಡೀ ಮಾತು," ಎಂದಳು ತೇನವ್ವ. ಗೌಜಲಹಕ್ಕಿ ಉಸಿರು ಬಿಗಿಹಿಡಿಯಿತು. "ಆ ಜಾಲಿ ಮರದಾಗ ಆಮಿ ಇರತಾವ. ಬಿಳಿ ತಲಿ ಕಂಡ್ರ ಮ್ಯಾಲಿಂದ ತೊಪ್ ಅಂತ ಬೀಳತಾವ."

"ಆಮೆ ಮರ ಹತ್ತುತ್ತದೆಯೆ?" ಹಿರಿಯಳು ಕೇಳಿದಳು.

"ನಿಮ್ಮ ಕಡೆ ಹತ್ತೂದಿಲ್ರಿ. ಇಲ್ಲಿ ನೆಲಾ ಕಾಯತೈತಿ, ಏನು ಮಾಡೂದು? ಪಾಪ, ಅವೂ ನೆರಳು ನೋಡಬೇಕಲ್ಲ."

"ಹಾಗಾದರೆ ನಾವೇನು ಮಾಡಬೇಕು?"

"ತಲಿ ಹಿಂದ ಕರಿಮಣ್ಣಿಲೆ ಎರಡು ಗೀರು ಎಳಕೋರಿ. ಆಮಿಗೆ ಒಂದರ ಮುಂದ ಎಣಿಕಿ ಬರೂದಿಲ್ಲ. ಎರಡು ಗೀರು ಕಂಡ್ರ ತಲಿ ಕೆಟ್ಟು, ಅಲ್ಲೇ ಕುಂಡರತಾವ."

ಮೊಲ ಕೆಮ್ಮಿದಂತೆ ಮಾಡಿ ಗಿಡದ ಹಿಂದೆ ಹೋಯಿತು.

ತನ್ನ ತಲೆಯ ಹಿಂಭಾಗ ಯಾರಿಗೂ ಕಾಣುವುದಿಲ್ಲ, ಕೊಕ್ಕಿಗೂ ಎಟಕುವುದಿಲ್ಲ. "ನಾನು ಎಳೆಯುತ್ತೇನೆ!" ಎಂದು ಮಂಜಿ ಮುಂದೆ ಬಂದಳು. ಕೊಕ್ಕನ್ನು ಒದ್ದೆ ಮಣ್ಣಿಗೆ ಅದ್ದಿ, ಒಬ್ಬೊಬ್ಬರ ತಲೆಗೂ ಎರಡು ಗೀರು ಎಳೆದಳು. ಮೇಲೆ ಒಂದು ಉದ್ದದ್ದು, ಕೆಳಗೆ ಒಂದು ಗಿಡ್ಡದ್ದು. ಹಿಂಡಿನ ಹಿರಿಯಳಾದ ತನ್ನ ಅಜ್ಜಿಯ ತಲೆಯಿಂದ ಶುರುಮಾಡಿ ನಲವತ್ತು ತಲೆ ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಕೊನೆಗೆ ಅವಳ ತಲೆಗೆ ಎಳೆಯುವವರು ಯಾರೂ ಉಳಿಯಲಿಲ್ಲ. ಎಲ್ಲರೂ ಮೇಯಲು ಹೋಗಿದ್ದರು.

"ಬಾ ತಂಗಿ," ಎಂದಳು ತೇನವ್ವ. ಅವಳೇ ಎಳೆದಳು. ನಗು ತಡೆದದ್ದರಿಂದ ಕೆಳಗಿನ ಗೀರು ಸ್ವಲ್ಪ ಸೊಟ್ಟಗಾಯಿತು.

ಆಮೇಲಿನ ದಿನಗಳಲ್ಲಿ ಮಂಜಿ ತೇನವ್ವನ ಬೆನ್ನು ಬಿಡಲಿಲ್ಲ. ಇದೇನು, ಅದೇಕೆ ಎಂದು ಕೇಳುತ್ತಲೇ ಇದ್ದಳು. ಬಯಲಿನವರಂತೆ ನಾಲ್ಕು ಹೆಜ್ಜೆ ಓಡಿ ನಿಲ್ಲುವುದನ್ನು ಕಲಿತಳು. "ಇಲ್ಲೇ ಐತಿ" ಎನ್ನುವುದನ್ನೂ ಕಲಿತಳು. ಒಂದು ಸಲ ಅಜ್ಜಿ, "ಮಂಜಿ, ಎಲ್ಲಿದ್ದೀಯೆ?" ಎಂದು ಕರೆದಾಗ ಬಯಲಿನ ಆಚೆ ಕೊನೆಯಿಂದ "ಇಲ್ಲೇ ಅದೀನ್ರಿ, ಆಯಿ!" ಎಂದು ಕೂಗಿದಳು. ಬಯಲಿಗೆ ಬಯಲೇ ನಕ್ಕಿತು.

ಒಂಬತ್ತನೆಯ ದಿನ ಮಂಜಿ ಕೆರೆಯ ಅಂಚಿನಲ್ಲಿ ಒಂದು ಆಮೆಯನ್ನು ಕಂಡಳು. ಅದು ಗೇಣುದ್ದದ ದಂಡೆಯನ್ನು ಹತ್ತಲು ನೋಡುತ್ತಿತ್ತು. ಎರಡು ಕಾಲು ಮೇಲಿಟ್ಟಿತು, ಜಾರಿತು. ಮತ್ತೆ ಇಟ್ಟಿತು, ಮತ್ತೆ ಜಾರಿತು.

ಮಂಜಿ ದೂರ ನಿಂತೇ ಕೇಳಿದಳು, "ಆಮೆಯಣ್ಣ, ನೀನು ಯಾವ ಮರದಿಂದ ಇಳಿದು ಬಂದೆ?"

"ಮರಾನ?" ಎಂದಿತು ಆಮೆ. "ತಂಗಿ, ನಿನ್ನಿ ಮುಂಜಾನಿಂದ ಈ ದಂಡಿ ಹತ್ತಾಕತ್ತೀನಿ."

ಮಂಜಿಗೆ ತಿಳಿಯಿತು. ಅವಳು ರೆಕ್ಕೆ ಬಡಿಯುತ್ತ ನಕ್ಕಳು. ಗೌಜಲಹಕ್ಕಿ ನಕ್ಕಿತು. ಮೊಲ ಬಿದ್ದು ಬಿದ್ದು ನಕ್ಕಿತು. "ಆಮಿ ಮಾತು ಚ್ಯಾಷ್ಟಿಗೆ ಹೇಳಿದ್ದು. ಆತು, ಇನ್ನ ನೀವು ನಮ್ಮವರು!" ಎಂದು ತೇನವ್ವ ಹಿಂಡಿನ ಕಡೆ ಓಡಿದಳು.

ಹಿಂಡಿನಲ್ಲಿ ಯಾರೂ ನಗಲಿಲ್ಲ.

ಹಿರಿಯ ಹೆಬ್ಬಾತು ಹೇಳಿದಳು: "ತೇನವ್ವ, ನಮ್ಮ ದಾರಿಯಲ್ಲಿ ಬೆಟ್ಟಗಳಿವೆ. ಅಲ್ಲಿ ಉಸಿರಾಡುವುದೂ ಕಷ್ಟ. ಮುಂದೆ ಹಾರುವವಳು ಎಡಕ್ಕೆ ಎಂದರೆ ನಾವು ಎಡಕ್ಕೆ ಹೋಗುತ್ತೇವೆ. ಅವಳು ಚೇಷ್ಟೆ ಮಾಡಿದರೆ ಹಿಂಡು ಬಂಡೆಗೆ ಬಡಿಯುತ್ತದೆ. ದಾರಿಯ ಮಾತಿನಲ್ಲಿ ನಾವು ನಗೆ ಬೆರೆಸುವುದಿಲ್ಲ."

"ಒಂದೇ ಸುಳ್ಳು, ಆಯಿ. ಉಳಿದ ಒಂಬತ್ತೂ ಖರೇವ."

"ಇರಬಹುದು. ಅದು ನಮಗೆ ಹೇಗೆ ಗೊತ್ತಾಗಬೇಕು?"

ಹೆಬ್ಬಾತುಗಳು ಹತ್ತೂ ಮಾತುಗಳನ್ನು ಬದಿಗಿಟ್ಟವು. ಹಸಿ ಮಣ್ಣಿನಲ್ಲಿ ನಡೆದವು, ಬಿಸಿಲುಗುದುರೆಯ ಹಿಂದೆ ಹಾರಿ ದಣಿದು ಬಂದವು. ತೇನವ್ವ ಹತ್ತಿರ ಹೋಗಿ ಏನಾದರೂ ಹೇಳಿದರೆ, ಮರ್ಯಾದೆಯಿಂದ ಕೇಳಿ, ಮೇಯುವುದನ್ನು ಮುಂದುವರಿಸಿದವು. ಬೈದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

"ಬಿಡ, ನಾಕು ದಿನಾ ಹೋದ್ರ ತಾವೇ ನಗತಾರ," ಎಂದಿತು ಮೊಲ.

ನಾಲ್ಕನೆಯ ದಿನ ಸಂಜೆ, ಹೊತ್ತು ಮುಳುಗುವ ಮುಂಚೆ, ಹಿಂಡು ಹುಲ್ಲುಗಾವಲಿನ ಪಕ್ಕದಲ್ಲಿ ಮೇಯುತ್ತಿತ್ತು. ಬಡಗಣ ಗಾಳಿ ಬೀಸುತ್ತಿತ್ತು. ಹುಲ್ಲೆಲ್ಲ ತೆಂಕಣಕ್ಕೆ ಬಾಗಿತ್ತು. ಒಂದು ಕಡೆ ಮಾತ್ರ ಹುಲ್ಲು ಬಡಗಣಕ್ಕೆ ಬಾಗಿತು, ನಿಂತಿತು, ಮತ್ತೆ ಬಾಗಿತು.

ತೇನವ್ವ ನೋಡಿದಳು. "ಹಾರ್ರಿ," ಎಂದಳು. "ಹುಲ್ಲು ಎದುರು ಬಾಗಾಕತ್ತೈತಿ. ಹಾರ್ರಿ."

ಅವಳಿಗೆ ಇದ್ದದ್ದು ಮೆತ್ತಗಿನ ದನಿ. ಹತ್ತಿರದ ನಾಲ್ಕೈದು ಹೆಬ್ಬಾತುಗಳಿಗೆ ಅದು ಕೇಳಿಸಿತು. ಅವು ಮೇಯುತ್ತಲೇ ಇದ್ದವು. ಅವಳು ಮತ್ತೆ ಹೇಳಿದಳು. ಹುಲ್ಲಿಗೆ ಎಲ್ಲರಿಗಿಂತ ಹತ್ತಿರ ಇದ್ದವಳು ಮಂಜಿ. ಅವಳೊಬ್ಬಳೇ ತಿರುಗಿ ನೋಡಿದಳು, ಅವಳ ಕಣ್ಣಿನಲ್ಲಿ ನಗು ಇತ್ತು.

"ತೇನವ್ವಾ, ಇದು ಹನ್ನೊಂದನೇದೇನು?"

ತೋಳ ಒಂದೇ ಸಲ ನೆಗೆಯಿತು.

ನಲವತ್ತು ಹೆಬ್ಬಾತುಗಳು ಹಾರಿ ಕೆರೆಯ ನಡುವೆ ಇಳಿದವು. ತೋಳ ಹುಲ್ಲಿನೊಳಗೆ ಹೋಯಿತು. ಹುಲ್ಲು ಮತ್ತೆ ಗಾಳಿ ಬೀಸಿದ ಕಡೆಗೆ ಬಾಗಿತು.

ಮೊಲ, ಗೌಜಲಹಕ್ಕಿ ಬಂದು ತೇನವ್ವನ ಪಕ್ಕದಲ್ಲಿ ಕೂತವು. ಮೊಲ ಹೇಳಿತು, "ನೀ ಹೇಳಿದ್ದಿಯಲ್ಲವ್ವ."

"ಹೇಳಿದ್ದೆ," ಎಂದಳು ತೇನವ್ವ. "ನಂಬೂ ಹಂಗ ಹೇಳಲಿಲ್ಲ."

ಎರೆಬಯಲಿನ ಪದ್ಧತಿ ಅಲ್ಲಿಗೆ ನಿಂತಿತು. ಯಾರೂ ನಿಲ್ಲಿಸಬೇಕೆಂದು ಹೇಳಲಿಲ್ಲ.

ಮರುದಿನ ಬೆಳಿಗ್ಗೆ ನರಿಯೊಂದು ಬಯಲಿಗೆ ಬಂತು. ತೇನವ್ವ ಮೇಲೆ ಹಾರಿ, ಇದ್ದಬದ್ದ ದನಿಯನ್ನೆಲ್ಲ ಸೇರಿಸಿ ಕೂಗಿದಳು. ಗಂಟಲು ಹರಿದಂತಾಯಿತು. ನರಿ ಹೋಯಿತು. ಮಧ್ಯಾಹ್ನ ಹದ್ದು ಬಂತು, ಕೂಗಿದಳು. ಸಂಜೆ ಹಾವು ಬಂತು, ಕೂಗಿದಳು. ತೋಳ ಇರಬಹುದು ಎಂದು ಬರೀ ಹುಲ್ಲಿಗೂ ಕೂಗಿದಳು. ಮೊಲ ತನ್ನ ಗುಂಡಿಯಿಂದ ಹೊರಬಂದರೂ ಕೂಗಿದಳು.

"ಅವ್ವಾ, ನಾನು!" ಎಂದಿತು ಮೊಲ.

"ನೀನಾದ್ರೂ ಅಷ್ಟ," ಎಂದಳು ತೇನವ್ವ. "ಯಾರು ಬಂದ್ರೂ ಹೇಳೂದು. ಆರಿಸಿ ಹೇಳೂದು ಸಾಕು."

ಏಳು ದಿನಕ್ಕೆ ಅವಳ ಮೆತ್ತಗಿನ ದನಿ ಹೋಯಿತು. ಉಳಿದದ್ದು ಚೂಪಾದ, ಒರಟಾದ ದನಿ. ಅದು ಮತ್ತೆ ಮೆತ್ತಗಾಗಲಿಲ್ಲ. ಹೆಬ್ಬಾತುಗಳು ಆ ಕೂಗನ್ನು ಕೇಳುತ್ತಿದ್ದವು, ಆದರೆ ಅದನ್ನು ನಂಬಿ ಒಂದು ಹೆಜ್ಜೆಯನ್ನೂ ಇಡಲಿಲ್ಲ. ತಾವೇ ಸುತ್ತ ನೋಡಿಕೊಂಡು ಮೇಯ್ದವು. ತೇನವ್ವ ಚಳಿಗಾಲವೆಲ್ಲ ಕೂಗಿದಳು.

ಬಿಸಿಲು ಏರತೊಡಗಿದಾಗ ಹಿಂಡು ಹೊರಡಲು ಸಿದ್ಧವಾಯಿತು. ನಲವತ್ತು ತಲೆಗಳ ಮೇಲೂ ಗೀರುಗಳು ಹಾಗೆಯೇ ಇದ್ದವು.

ಗೌಜಲಹಕ್ಕಿ ಮೆಲ್ಲಗೆ ಕೇಳಿತು, "ಆಯಿ, ಆಮಿ ಮಾತು ಸುಳ್ಳು ಅಂತ ಗೊತ್ತಾತಲ್ರಿ. ಆ ಮಣ್ಣು ತೊಳಕೊಳ್ಳೂದಿಲ್ಲೇನು?"

"ಇಲ್ಲ," ಎಂದಳು ಹಿರಿಯ ಹೆಬ್ಬಾತು. "ಇದನ್ನು ಎಳೆದವಳು ಮಂಜಿ."

ಅವು ತಲೆಯನ್ನು ನೀರಿಗೆ ತಾಗಿಸದೆ ಹಾರಿಹೋದವು. ಹಿಮದ ನಾಡಿನಲ್ಲಿ ಹುಟ್ಟಿದ ಮರಿಗಳ ಬಿಳಿ ತಲೆಯ ಮೇಲೂ, ಅವು ದೊಡ್ಡವಾದಾಗ, ಅದೇ ಎರಡು ಗೀರು ಮೂಡಿದವು. ಮೇಲೆ ಒಂದು ಉದ್ದದ್ದು, ಕೆಳಗೆ ಒಂದು ಗಿಡ್ಡದ್ದು.

ಮುಂದಿನ ಚಳಿಗೆ ಹಿಂಡು ಮತ್ತೆ ಕೆರೆಗೆ ಇಳಿಯಿತು. ತೇನವ್ವ ಹತ್ತಿರ ಹೋಗಲಿಲ್ಲ. ಏನೂ ಹೇಳಲಿಲ್ಲ. ದಂಡೆಯ ಈಚೆ ನಾಲ್ಕು ಹೆಜ್ಜೆ ಓಡಿ ನಿಂತಳು, ಮತ್ತೆ ಓಡಿ ನಿಂತಳು.

"ಹೋಗಿ ಮಾತಾಡಸ್ತೀಯೇನು?" ಗಾಳಿ ಕೇಳಿತು.

"ಮಾತು ಬ್ಯಾಡ," ಎಂದಳು ತೇನವ್ವ. "ಇನ್ನ ಕೂಗೂದೊಂದ ನನ್ನ ಕೆಲಸ. ಕೇಳೂದು ಬಿಡೂದು ಅವರಿಗೆ ಬಿಟ್ಟದ್ದು."

ಹೊತ್ತು ಇಳಿಯಿತು. ಹಿಂಡು ಕಡಲೆ ಸೊಪ್ಪು ಮೇಯುತ್ತಿತ್ತು. ಹುಲ್ಲುಗಾವಲಿನಲ್ಲಿ ಏನೋ ಅಲುಗಿತು. ತೇನವ್ವ ನೆಲ ಬಿಟ್ಟು ಎದ್ದು ಕೂಗಿದಳು.

ಹಿರಿಯ ಹೆಬ್ಬಾತು ಹುಲ್ಲಿನ ಕಡೆ ನೋಡಲಿಲ್ಲ, ತೇನವ್ವನ ಕಡೆ ನೋಡಿದಳು. ಒಂದು ಉಸಿರಿನಷ್ಟು ಹೊತ್ತು ನೋಡಿದಳು. ಆಮೇಲೆ ರೆಕ್ಕೆ ಬಿಚ್ಚಿದಳು. ನಲವತ್ತು ಹಳಬರು, ಹದಿನೇಳು ಹೊಸಬರು, ಎಲ್ಲರೂ ಒಟ್ಟಿಗೆ ಎದ್ದು ನೀರಿನ ನಡುವೆ ಹೋಗಿ ಕೂತರು.

ಹುಲ್ಲಿನಿಂದ ಹೊರಬಂದದ್ದು ಮೊಲ. "ಈ ಸಲಾನೂ ನಾನ!" ಎಂದಿತು. ಕೆರೆಯ ನಡುವಿನಿಂದ ಯಾರೋ ಒಬ್ಬರು ನಕ್ಕದ್ದು ಕೇಳಿಸಿತು.

ಅಂದಿನಿಂದ ಟಿಟ್ಟಿಭ ಯಾರು ಬಂದರೂ ಕೂಗುತ್ತದೆ. ನಾಯಿ ಬಂದರೂ, ಕರು ಬಂದರೂ, ಪಾಟೀಚೀಲ ಹೊತ್ತು ಬಯಲು ದಾಟಿ ಶಾಲೆಗೆ ಹೋಗುವ ನೀವು ಬಂದರೂ ಕೂಗುತ್ತದೆ. ಚಳಿಗಾಲದಲ್ಲಿ ಆ ಕೂಗು ಎದ್ದಾಗ ಕೆರೆಯ ಕಡೆ ನೋಡಿ: ಹೆಬ್ಬಾತುಗಳು ಮೇಯುವುದನ್ನು ನಿಲ್ಲಿಸಿ ಕತ್ತು ಎತ್ತುತ್ತವೆ.