ಗೆಜ್ಜೆ ಬಿಚ್ಚದ ಕುದುರೆ

ಪಟೇಲ ದ್ಯಾವೀರೇಗೌಡರು ಎರವಲು ಒಯ್ದ ವಸ್ತು ಹಿಂತಿರುಗಿದ್ದನ್ನು ನಮ್ಮೂರಲ್ಲಿ ಯಾರೂ ನೋಡಿಲ್ಲ. ಹಂಡೆ ಹೋಯಿತು, ಏಣಿ ಹೋಯಿತು. ಆಮೇಲೆ ಬಳೆಗಾರನ ತಟ್ಟುಕುದುರೆಯ ಸರದಿ ಬಂತು.

“ಹೊಸ ಬೀಗರ ಮನೆಗೆ ನಡ್ಕೊಂಡು ಹೋಗಕ್ಕಾಗುತ್ತೇನೋ? ಸುತ್ತಲ ಊರಲ್ಲೆಲ್ಲ ಹುಡುಕ್ಸಿದೆ. ನಿಂದೊಂದೇ ನೋಡೋ ಹಂಗಿರೋದು. ಜೀನು ಕಟ್ಟು,” ಅಂದರು ಗೌಡರು.

ಕುದುರೆ ಹೋದರೆ ಬಳೆಗಾರನ ಹೊಟ್ಟೆಪಾಡೂ ಹೋಯಿತು. ಕೊಡೋಲ್ಲ ಅಂದರೆ ಊರಲ್ಲಿ ಇರೋ ಹಾಗಿಲ್ಲ. ತಲೆ ಕೆರೆದುಕೊಂಡು ಜೀನು ಕಟ್ಟಿದ. ಕೊರಳ ಗೆಜ್ಜೆ ಮಾತ್ರ ಬಿಚ್ಚಲಿಲ್ಲ.

“ಗೆಜ್ಜೆ ಇರ್ಲಿ ಗೌಡ್ರೆ, ನಾಕು ಜನಕ್ಕೆ ಗೊತ್ತಾಗ್ಲಿ. ಬೀಗರೂರಲ್ಲಿ ಸಂದಿಗೊಂದಿ ಹಿಡೀಬೇಡಿ, ದೊಡ್ಡ ಬೀದೀಲೇ ಹೋಗಿ.”

ಗೌಡರಿಗೆ ಮಾತು ಹಿಡಿಸಿತು. ಮೀಸೆ ತಿರುವಿಕೊಂಡು ದೊಡ್ಡ ಬೀದೀಲೇ ಹೋದರು.

ಮೊದಲ ಮನೆ ಮುಂದೆ ಕುದುರೆ ನಿಂತಿತು. ಬಳೆ ವ್ಯಾಪಾರದಲ್ಲಿ ಅದಕ್ಕೆ ಅದೇ ಅಭ್ಯಾಸ. ಹೆಂಗಸರು ಬಂದು ಬೆಲ್ಲ ತಿನ್ನಿಸದೆ ಕಾಲೆತ್ತುವುದಿಲ್ಲ. ಗೆಜ್ಜೆ ಸದ್ದಿಗೆ ಹೆಂಗಸರು ಬಂದೇ ಬಂದರು.

“ಚುಕ್ಕಿ ಬಳೆ ತಂದ್ಯೇನಣ್ಣ?”

ಗೌಡರು ಒದ್ದರು, ಬೈದರು. ಕುದುರೆ ಬೆಲ್ಲ ತಿಂದು, ಮುಂದಿನ ಮನೆಗೆ ಹೋಗಿ ನಿಂತಿತು. ಹೀಗೇ ಇಡೀ ಬೀದಿ. ಬೀಗರ ಮನೆ ಮುಂದೆ ಬೀಗಿತ್ತಿ ಮುಖ ನೋಡದೆ ಎರಡೂ ಕೈ ಚಾಚಿದರು.

ಸಂಜೆ ಗೌಡರು ನಡೆದುಕೊಂಡೇ ಬಂದು, ಕುದುರೆಯನ್ನು ಬಳೆಗಾರನ ಗೂಟಕ್ಕೆ ತಾವೇ ಕಟ್ಟಿದರು.

“ಮೊದ್ಲೇ ಹೇಳಕ್ಕೇನಾಗಿತ್ತೋ?”

“ನಾಕು ಜನಕ್ಕೆ ಗೊತ್ತಾಗುತ್ತೆ ಅಂದಿದ್ನಲ್ಲ ಗೌಡ್ರೆ. ಅದಿರ್ಲಿ, ಬೀಗಿತ್ತಮ್ಮ ಯಾವ ಬಣ್ಣ ಕೇಳಿದ್ರು? ನಾಳೆ ಅಲ್ಲಿಗೇ ಹೊರಟಿದೀನಿ.”

ಗೌಡರು ಪಂಚೆಗೆ ಹತ್ತಿದ್ದ ಧೂಳು ಕೊಡವಿದರು. ಆಮೇಲೆ “ಹಸಿರು” ಅಂದು ಮನೆ ಕಡೆ ಹೊರಟರು.